ಅಗಸೆಯ ಬೇರಿಗಾಗಿ ಎಲೆಬಳ್ಳಿಗೆ ಶಿಕ್ಷೆ

ನಗರ ವ್ಯಾಪ್ತಿಯ ಬೆಳೆರಕ್ಷಣಾಧಿಕಾರಿಗಳ ಸನ್ನಿಧಿಗೆ, ಎಲ್ಲರೂ ಓದಲೆಂದು ಬರೆದದ್ದು

ಮಾನ್ಯರೇ,

ನಂಜನಗೂಡು ರಸ್ತೆಯ ಬದಿಯಲ್ಲಿರುವ ನಮ್ಮ ಎಲೆತೋಟದ ಬಳ್ಳಿಗಳನ್ನೆಲ್ಲ ಬರುವ ಸೋಮವಾರದೊಳಗೆ ಕಿತ್ತು ಸುಡಬೇಕೆಂದು ತಮ್ಮ ಕಾರ್ಯಾಲಯ ಆಜ್ಞೆ ಹೊರಡಿಸಿದೆ. ನಾವೇ ಕೀಳದಿದ್ದರೆ ಆಳುಗಳನ್ನು ಕಳುಹಿಸಿ ಕೀಳಿಸುವುದಾಗಿಯೂ ಅದರಲ್ಲಿ ಎಚ್ಚರಿಸಲಾಗಿದೆ. ಕೊಟ್ಟಿರುವ ಕಾರಣಗಳು ಎರಡು: ನಮ್ಮ ವೀಳ್ಯದೆಲೆ ಬಳ್ಳಿಯ ಬೇರುಗಳಲ್ಲಿ ಜಂತುಹುಳುವಿನ ಗಂಟುಗಳು ಕಂಡುಬಂದಿವೆಯಂತೆ, ತಾವು ಶಿಫಾರಸು ಮಾಡಿದ ಹರಳು ವಿಷವನ್ನು ಮಣ್ಣಿಗೆ ಹಾಕದೆ ನಾವು 'ಅವೈಜ್ಞಾನಿಕ ಗಿಡಮೂಲಿಕೆ ರಸ'ಗಳನ್ನು ಸುರಿದು ನೆರೆಯ ತೋಟಗಳಿಗೆ ಅಪಾಯ ತಂದಿದ್ದೇವೆಯಂತೆ. ಆಜ್ಞೆ ದೃಢವಾಗಿದೆ, ಮೊಹರು ಅಚ್ಚುಕಟ್ಟಾಗಿ ಬಿದ್ದಿದೆ. ದೋಷವೊಂದೇ. ತಮ್ಮವರು ಗಂಟು ಕಂಡದ್ದು ಎಲೆಬಳ್ಳಿಯ ಬೇರಿನಲ್ಲಿ ಅಲ್ಲ, ಬೇಲಿಯಂಚಿನ ಅಗಸೆ ಮರದ ಬೇರಿನಲ್ಲಿ.

ಅಗಸೆಯ ಬೇರಿನಲ್ಲಿ ಗಂಟಿರುವುದು ರೋಗವಲ್ಲ. ಅವರೆಗೆ, ಹುರುಳಿಗೆ, ನೆಲಗಡಲೆಗೆ ಇರುವಂತೆಯೇ ಅಗಸೆಗೂ ಅದು ಹುಟ್ಟುಗುಣ. ಆ ಗಂಟುಗಳೊಳಗೆ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಅದನ್ನು ಪ್ರೌಢಶಾಲೆಯ ಮಕ್ಕಳು ಚಿತ್ರ ಬರೆದು ಹೆಸರು ಗುರುತಿಸುತ್ತಾರೆ. ತಮ್ಮ ಕಾರ್ಯಾಲಯ ಅದನ್ನೇ ಅಪರಾಧವೆಂದು ಗುರುತಿಸಿ, ಶಿಕ್ಷೆಯನ್ನು ಪಕ್ಕದಲ್ಲಿದ್ದ ಇನ್ನೊಂದು ಜೀವಕ್ಕೆ ವಿಧಿಸಿದೆ.

ನಾನು ಜಿಲ್ಲಾ ನ್ಯಾಯಾಲಯದಲ್ಲಿ ಭಾಷಾಂತರಕಾರನಾಗಿ ದುಡಿದು ನಿವೃತ್ತನಾದವನು, ಅಗ್ರಹಾರದಲ್ಲಿ ವಾಸ. ಒಬ್ಬನು ಆಡಿದ ಮಾತನ್ನು ಇನ್ನೊಬ್ಬನ ಬಾಯಿಗೆ ಹಾಕಬಾರದೆಂಬುದು ನನ್ನ ವೃತ್ತಿಯ ಮೊದಲ ಪಾಠವಾಗಿತ್ತು. ಒಂದು ಮರದ ಬೇರನ್ನು ಇನ್ನೊಂದು ಬಳ್ಳಿಯ ಲೆಕ್ಕಕ್ಕೆ ಹಾಕಬಾರದೆಂಬುದು ತಮ್ಮ ವೃತ್ತಿಯಲ್ಲಿ ಎಷ್ಟನೆಯ ಪಾಠವೋ ನಾನರಿಯೆ. ತಮ್ಮ ಆಜ್ಞೆಯ ಮೂರನೆಯ ವಾಕ್ಯ 'ಸದರಿ ಇನ್‌ಫೆಕ್ಟೆಡ್ ಪ್ಲಾಟ್ ಅನ್ನು ಡಿಸ್ಟ್ರಾಯ್ ಮಾಡತಕ್ಕದ್ದು' ಎಂದಿದೆ. ಹಳೆಯ ಅಭ್ಯಾಸಬಲದಿಂದ ಅದನ್ನು ಕನ್ನಡಕ್ಕೆ ತಂದುಕೊಂಡೆ: 'ಈ ತೋಟವನ್ನು ನಾಶಮಾಡಿ.' ಹಾಗೆ ಬರೆದಿದ್ದರೆ ಬರೆದವರ ಕೈಯಾದರೂ ಒಂದು ಗಳಿಗೆ ತಡೆಯುತ್ತಿತ್ತೇನೋ.

ತೋಟ ನನ್ನದೆಂದು ಹೇಳಿಕೊಳ್ಳಲು ನನಗೆ ಸಂಕೋಚ. ಪಿತ್ರಾರ್ಜಿತವಾದ ನೆಲವನ್ನು ನೋಡಿಕೊಂಡು ಬಂದವನು ನನ್ನ ತಮ್ಮ. ಅವನು ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿರುವವಳು ಅವನ ಹೆಂಡತಿ ಮಂಜುಳಮ್ಮ. ಅವಳ ಜೀವನ ನಿಂತಿರುವುದು ಆ ಬಳ್ಳಿಗಳ ಮೇಲೆ. ನನಗೆ ನಿವೃತ್ತಿವೇತನವಿದೆ, ತೋಟ ಹೋದರೆ ನನ್ನ ಊಟ ನಿಲ್ಲುವುದಿಲ್ಲ, ಅವಳದು ನಿಲ್ಲುತ್ತದೆ. ಒಮ್ಮೆ ಕಿತ್ತ ಎಲೆತೋಟವನ್ನು ಮತ್ತೆ ಎಬ್ಬಿಸುವುದೆಂದರೆ ಆಸರೆಯ ಮರಗಳಿಂದ ಮೊದಲುಮಾಡಿ ವರ್ಷಗಟ್ಟಲೆ ಕಾಯಬೇಕು. ಬಳ್ಳಿಯಿಲ್ಲದ ನೆಲ ಈ ನಗರದ ಅಂಚಿನಲ್ಲಿ ಅಷ್ಟು ವರ್ಷ ನೆಲವಾಗಿಯೇ ಉಳಿಯುತ್ತದೆಯೆ ಎಂಬ ಪ್ರಶ್ನೆಯನ್ನು ತಮ್ಮ ವಿವೇಚನೆಗೇ ಬಿಡುತ್ತೇನೆ.

ಇನ್ನು 'ಅವೈಜ್ಞಾನಿಕ' ಎಂಬ ತಮ್ಮ ವಿಶೇಷಣಕ್ಕೆ ಬರುತ್ತೇನೆ.

ಬೇರುಗಂಟಿನ ಜಂತುಹುಳು ನಮ್ಮ ತೋಟಕ್ಕೆ ಬಂದದ್ದು ನಿಜ. ಅದನ್ನು ನಾವು ಎಂದೂ ಮುಚ್ಚಿಟ್ಟಿಲ್ಲ. ಮೂರು ವರ್ಷಗಳ ಹಿಂದೆ ಬಳ್ಳಿಗಳು ನೀರು ಕುಡಿದೂ ಬಾಡತೊಡಗಿದವು. ಎಲೆ ಚಿಕ್ಕದಾಯಿತು, ಹಳದಿಗೆ ತಿರುಗಿತು, ಮಾರುಕಟ್ಟೆಯಲ್ಲಿ ಕೊಳ್ಳುವವರು ಮಂಜುಳಮ್ಮನ ಎಲೆಕಟ್ಟನ್ನು ಬಿಚ್ಚಿ ನೋಡಿ ಹಿಂದಿರುಗಿಸಿದರು. ಬುಡ ಅಗೆದರೆ ಬೇರುಗಳು ಪೋಣಿಸಿದ ಮಣಿಗಳಂತೆ ಉಬ್ಬಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣದಾದ ಈ ಹುಳು ಎಳೆಯ ಬೇರನ್ನು ಹೊಕ್ಕು ಅಲ್ಲಿಯೇ ಮನೆಮಾಡುತ್ತದೆ. ಬೇರು ಅದರ ಸುತ್ತ ಊದಿಕೊಳ್ಳುತ್ತದೆ. ಬಳ್ಳಿ ಹಸಿಯ ಮಣ್ಣಿನಲ್ಲಿ ನಿಂತು ಬಾಯಾರಿ ಸೊರಗುತ್ತದೆ. ಆಗಲೂ ತಮ್ಮ ಕಾರ್ಯಾಲಯ ಹೇಳಿದ್ದು ಅದೇ ಹರಳು ವಿಷವನ್ನು.

ನಾವು ಹಾಕಲಿಲ್ಲ. ಏಕೆಂದರೆ ಆ ಹರಳು ಮಣ್ಣಿನಲ್ಲಿ ಕರಗಿ ಬೇರಿಗೆ ಏರುತ್ತದೆ, ಬೇರಿನಿಂದ ಎಲೆಗೆ ಏರುತ್ತದೆ. ಹಾಗೆ ಏರುವುದೇ ಅದರ ಗುಣವೆಂದು ಚೀಲದ ಮೇಲೆಯೇ ಬರೆದಿದೆ. ವೀಳ್ಯದೆಲೆಯನ್ನು ಯಾರಾದರೂ ಬೇಯಿಸುತ್ತಾರೆಯೆ? ಸಿಪ್ಪೆ ಸುಲಿಯುತ್ತಾರೆಯೆ? ಸೆರಗಿನಲ್ಲೊಮ್ಮೆ ಒರೆಸಿ, ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ ಬಾಯಿಗಿಡುತ್ತಾರೆ. ಹೆರಿಗೆಯಾದ ಹೆಣ್ಣಿಗೆ ಕೊಡುತ್ತಾರೆ. ಕೆಮ್ಮಿದ ಮಗುವಿಗೆ ಅದರ ರಸ ಹಿಂಡಿ ನೆಕ್ಕಿಸುತ್ತಾರೆ. ವಿಷ ಹಾಕಿದ ಮೇಲೆ ಇಂತಿಷ್ಟು ಕಾಲ ಎಲೆ ಕೊಯ್ಯಬಾರದೆಂದು ತಮ್ಮ ಕರಪತ್ರವೇ ಹೇಳುತ್ತದೆ. ಸರದಿಯ ಮೇಲೆ ಎಲೆ ಕೊಯ್ದು ಬದುಕುವವರು ಆ ಕಾಲದಲ್ಲಿ ಏನನ್ನು ಕೊಯ್ಯಬೇಕೆಂದು ಆ ಕರಪತ್ರದ ಹಿಂಬದಿಯಲ್ಲಿಯೂ ಹುಡುಕಿದೆ. ಅಲ್ಲಿ ತಮ್ಮ ಕಾರ್ಯಾಲಯದ ದೂರವಾಣಿ ಸಂಖ್ಯೆ ಮಾತ್ರ ಇತ್ತು.

ದಾರಿ ತೋರಿಸಿದವಳು ಮಂಜುಳಮ್ಮನ ತಂಗಿಯ ಮಗಳು ವಾಣಿ. ಸಸ್ಯರೋಗಗಳನ್ನೇ ಅಧ್ಯಯನ ಮಾಡಿದವಳು. ಬೇವಿನ ಬೀಜವನ್ನು ನೆರಳಿನಲ್ಲಿ ಒಣಗಿಸಿ, ಜಜ್ಜಿ, ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ನೆನೆಹಾಕಿ ಹಿಂಡಿದ ರಸ. ಚೆಂಡುಹೂವಿನ ಗಿಡವನ್ನು ಬೇರುಸಹಿತ ಅರೆದು ಸೋಸಿದ ರಸ. ಜೊತೆಗೆ ಬುಡಕ್ಕೆ ಬೇವಿನ ಹಿಂಡಿ. ಇದಿಷ್ಟೇ ನಮ್ಮ 'ಗಿಡಮೂಲಿಕೆ'. ಹೂ ಕೊಯ್ದಾದ ಮೇಲೆ ಗುಂಡ್ಲುಪೇಟೆಯ ಕಡೆಯ ಹೊಲದವರು ಕಿತ್ತೆಸೆಯುವ ಗಿಡಗಳನ್ನು ನಾವು ಗಾಡಿಯಲ್ಲಿ ತರಿಸಿಕೊಂಡೆವು.

ಮೊದಲ ಪ್ರಯತ್ನ ಕೆಟ್ಟಿತು. ರಸವನ್ನು ಮಾಡಿ ಪೀಪಾಯಿಯಲ್ಲಿ ದಿನಗಟ್ಟಲೆ ಇಟ್ಟೆವು; ಅದು ಹುಳಿತು ನಾರಿತು. ಮೂಗಿಗೆ ಸೆರಗು ಹಿಡಿದು ನಿಂತ ಮಂಜುಳಮ್ಮ ಅಂದಳು: "ಭಾವನೋರೇ, ಈ ವಾಸ್ನೆಗೆ ಹುಳ ಸಾಯ್ತದೋ ಇಲ್ವೋ ಕಾಣೆ, ನಾವಂತೂ ಸತ್ತೋಯ್ತೀವಿ." ಸಾಲದುದಕ್ಕೆ ಅದನ್ನು ನಡುಹಗಲಿನಲ್ಲಿ ಒಣಮಣ್ಣಿಗೆ ಹೊಯ್ದೆವು. ವಾಣಿ ಬಂದು ನೋಡಿ ತಲೆ ಚಚ್ಚಿಕೊಂಡಳು. "ದೊಡ್ಡಮ್ಮಾ, ಇದೇನು ಉಪ್ಪಿನಕಾಯಾ, ಕೂಡಿಡೋಕೆ? ಅವತ್ತು ಹಿಂಡಿದ್ದು ಅವತ್ತೇ ಹಾಕ್ಬೇಕು. ಬಿಸಿಲು ಇಳಿದ್ಮೇಲೆ, ನೆಲ ಒದ್ದೆ ಇರೋವಾಗ." ಹಾಗೆಯೇ ಮಾಡಿದೆವು. ಹೋಲಿಕೆಗೆಂದು ಕೆಲವು ಸಾಲುಗಳನ್ನು ಏನೂ ಹಾಕದೆ ಬಿಟ್ಟೆವು. ಹಾಗೆ ಬಿಡಲು ಮಂಜುಳಮ್ಮನಿಗೆ ಇಷ್ಟವಿರಲಿಲ್ಲ, ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಉಣ್ಣಿಸಿದಂತಾಗುತ್ತದೆಂದು ಗೊಣಗಿದಳು. ಮುಂದಿನ ವರ್ಷ ನೆರೆಹೊರೆಯವರನ್ನು ಕರೆದು ಅವರೆದುರಿಗೇ ಎರಡೂ ಕಡೆ ಅಗೆದೆವು. ರಸ ಉಂಡ ಸಾಲುಗಳಲ್ಲಿ ಹೊಸ ಬಿಳಿಬೇರು ಹರಡಿತ್ತು, ಗಂಟುಗಳು ಅಲ್ಲೊಂದು ಇಲ್ಲೊಂದು. ಉಣ್ಣದ ಸಾಲುಗಳಲ್ಲಿ ಮಣಿಸರ ಹಾಗೆಯೇ ಇತ್ತು. ಆಮೇಲೆ ಆ ಸಾಲುಗಳಿಗೂ ಹಾಕಿದೆವು.

ಹುಳು ನಿರ್ನಾಮವಾಯಿತೆಂದು ನಾನು ಹೇಳುತ್ತಿಲ್ಲ. ನಿರ್ನಾಮದ ಭರವಸೆ ವಿಷದ ಚೀಲದವರದು, ನಮ್ಮದಲ್ಲ. ಹುಳು ಕುಗ್ಗಿತು, ಬಳ್ಳಿ ಹಿಗ್ಗಿತು, ಎಲೆ ಮತ್ತೆ ಮಾರುಕಟ್ಟೆಯಲ್ಲಿ ನಿಂತಿತು. ರಸವನ್ನು ಪ್ರತಿ ವರ್ಷ ಹಾಕಬೇಕು, ಹಾಕುತ್ತಿದ್ದೇವೆ. ಒಂದನ್ನು ಮಾಡಿ, ಒಂದನ್ನು ಮಾಡದೆ ಬಿಟ್ಟು, ಎರಡನ್ನೂ ನಾಲ್ಕು ಜನರೆದುರು ಅಗೆದು ನೋಡುವುದು ಅವೈಜ್ಞಾನಿಕವೆ? ಹಾಗಾದರೆ ತಮ್ಮ ತಪಾಸಕರು ಮಾಡಿದ್ದನ್ನು ಏನೆಂದು ಕರೆಯೋಣ?

ಅವರು ಮಾಡಿದ್ದನ್ನು ಹೇಳುತ್ತೇನೆ. ಕಳೆದ ತಿಂಗಳು ತಾವು ಕಳುಹಿಸಿದ ಗುತ್ತಿಗೆಯ ತಪಾಸಕರು ಮೊಣಕಾಲುದ್ದದ ಬೂಟು ತೊಟ್ಟು ನಮ್ಮ ಬಾಗಿಲಿಗೆ ಬಂದರು. ಎಲೆತೋಟಕ್ಕೆ ಮೆಟ್ಟು ಮೆಟ್ಟಿ ಯಾರೂ ಹೋಗುವುದಿಲ್ಲ. ಮನೆಯವರಾದರೂ ಬಾಗಿಲಲ್ಲಿ ಕಾಲು ತೊಳೆದು ಬರಿಗಾಲಿನಲ್ಲಿ ಒಳಗೆ ಹೋಗಬೇಕು. ಅಂದು ನಡೆದ ಸಂಭಾಷಣೆಗೆ ನಾನೇ ಸಾಕ್ಷಿ.

"ಬೂಟು ಅಲ್ಲೇ ಬುಟ್ಬುಟ್ಟು ಬನ್ನಿ ಸಾರ್. ಇದು ಎಲೆತೋಟ," ಎಂದಳು ಮಂಜುಳಮ್ಮ.

"ಅಮ್ಮಾ, ನಾನು ಡ್ಯೂಟೀಲಿದೀನಿ. ಬಿಚ್ಚಕ್ಕಾಗಲ್ಲ. ಒಳಗೆ ಹಾವು ಗೀವು ಇದ್ರೆ ಯಾರು ಜವಾಬ್ದಾರಿ?"

"ಇಷ್ಟು ವರ್ಷ ಬರಿಗಾಲಲ್ಲಿ ಓಡಾಡಿರೋ ನನ್ನೇ ಕಚ್ಚಿಲ್ಲ. ನಿಮ್ಮನ್ನ ಕಂಡ ತಕ್ಷಣ ಓಡ್ಬಂದು ಕಚ್ಚಕ್ಕೆ ಅದ್ಕೇನು ನಿಮ್ಮೇಲೆ ಅಂಥಾ ಪ್ರೀತಿ?"

"ನೋಡಮ್ಮ, ನಂಗೆ ಇನ್ನೂ ಐದು ತೋಟ ಇದೆ. ಇಲ್ಲೇ ಅಂಚಲ್ಲಿ ಒಂದು ಸ್ಯಾಂಪಲ್ ತಗೊಂಡು ಹೋಗ್ತೀನಿ. ಎಲ್ಲಾ ಒಂದೇ ಮಣ್ಣು ತಾನೆ?"

"ತಗೊಳಿ ಕಣ್ರೀ, ಯಾರು ಬ್ಯಾಡ ಅಂದೋರು? ಆಚೆ ನಿಂತ್ಕೊಂಡು ಎಷ್ಟು ಬೇಕಾದ್ರೂ ಅಗ್ದ್ಕಳಿ."

ಅವರು ಅಗೆದರು. ಅಂಚಿನಲ್ಲಿರುವುದು ಗಾಳಿ ತಡೆಯಲೆಂದು ಹಾಕಿದ ಅಗಸೆಯ ಸಾಲು. ಅದಕ್ಕೆ ನಾವು ಬಳ್ಳಿ ಹಬ್ಬಿಸಿಯೇ ಇಲ್ಲ. ಅವರು ಒಂದು ಬೇರು ಕತ್ತರಿಸಿದರು, ಗಂಟು ಕಂಡರು, ಚಿತ್ರ ತೆಗೆದರು, ಹೊರಟರು. ಆ ಚಿತ್ರವನ್ನು ತಾವು ಆಜ್ಞೆಯ ಜೊತೆಗೆ ಲಗತ್ತಿಸಿ ಉಪಕಾರ ಮಾಡಿದ್ದೀರಿ. ಹಿಂದೆ ನಮ್ಮ ತಂತಿಬೇಲಿ ಕಾಣುತ್ತದೆ. ಕೈಯಲ್ಲಿ ಹೆಬ್ಬೆರಳು ಗಾತ್ರದ ಮರಗಟ್ಟಿದ ಬೇರು ಕಾಣುತ್ತದೆ. ಎಲೆಬಳ್ಳಿಗೆ ಅಂಥ ಬೇರು ಬಿಡುವ ಶಕ್ತಿಯಿದ್ದಿದ್ದರೆ ಅದು ಇನ್ನೊಂದು ಮರವನ್ನು ತಬ್ಬಿಕೊಂಡು ಏಕೆ ನಿಲ್ಲುತ್ತಿತ್ತು?

ಬರಿಗಾಲಿನ ಕಟ್ಟಳೆಯನ್ನು ತಾವು ಮೂಢನಂಬಿಕೆ ಎನ್ನಬಹುದು. ನಮ್ಮ ಹಿರಿಯರಿಗೆ ಜಂತುಹುಳುವಿನ ಅರಿವಿತ್ತೆಂದು ನಾನು ಸಾಧಿಸಲು ಹೊರಟಿಲ್ಲ. ಎಲೆಬಳ್ಳಿಯಲ್ಲಿ ಲಕ್ಷ್ಮಿ ಇದ್ದಾಳೆಂದು ಅವರು ನಂಬಿದ್ದರು, ಅಷ್ಟೆ. ಆದರೆ ಈ ಹುಳು ತಾನಾಗಿ ಒಂದು ತೋಟದಿಂದ ಇನ್ನೊಂದಕ್ಕೆ ನಡೆದುಹೋಗಲಾರದು. ಗುದ್ದಲಿಗೆ, ಹರಿಯುವ ನೀರಿಗೆ, ಮೆಟ್ಟಿನಡಿಯ ಮಣ್ಣಿಗೆ ಅಂಟಿಕೊಂಡು ಹೋಗುತ್ತದೆ. ಇದನ್ನು ಹೇಳಿದ್ದು ನಾನಲ್ಲ, ತಮ್ಮದೇ ಕರಪತ್ರ. ರೋಗವಿರುವ ತೋಟಗಳನ್ನು ಒಂದಾದ ಮೇಲೊಂದರಂತೆ ತುಳಿದು ಬಂದ ಆ ಬೂಟುಗಳನ್ನು ಮಂಜುಳಮ್ಮ ಬಾಗಿಲಲ್ಲಿ ತಡೆದಳು. ನೆರೆಯ ತೋಟಗಳಿಗೆ ಅಪಾಯ ತಂದವರು ಯಾರು, ಮಾನ್ಯರೇ?

ಇದನ್ನೆಲ್ಲ ತಿಳಿಸಲು ನಾನು ಎರಡು ಬೇರುಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿಕೊಂಡು ತಮ್ಮ ಕೊಠಡಿಗೆ ಬಂದೆ. ಒಂದು ಅಗಸೆಯದು. ಇನ್ನೊಂದು, ಇನ್ನೂ ಹುಳು ಉಳಿದಿದ್ದ ಎಲೆಬಳ್ಳಿಯದು. ನಮ್ಮ ವಿರುದ್ಧದ ಸಾಕ್ಷ್ಯವನ್ನೂ ನಾನೇ ತಂದಿದ್ದೆ. ವಾಣಿ ಕಲಿಸಿದ ಪರೀಕ್ಷೆ ಸರಳವಾದದ್ದು. ಅಗಸೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಿನಿಂದ ತಳ್ಳಿದರೆ ಕಳಚಿ ಬೀಳುತ್ತದೆ, ಒಡೆದರೆ ಒಳಗೆ ನಸುಗೆಂಪು. ಹುಳುವಿನ ಗಂಟು ಬೇರೇ ಊದಿಕೊಂಡದ್ದು. ಬೇರನ್ನು ಹರಿಯದೆ ಅದನ್ನು ತೆಗೆಯಲಾಗದು. ತಮ್ಮ ಮೇಜಿನ ಮೇಲೆಯೇ ಉಗುರಿನಿಂದ ತಳ್ಳಿ ತೋರಿಸಿದೆ. ಗಂಟು ಉರುಳಿಹೋಗಿ ತಮ್ಮ ಕಡತದ ಮೇಲೆ ನಿಂತಿತು. ತಾವು ಅದನ್ನು ಉಫ್ ಎಂದು ಊದಿದಿರಿ.

"ಯಜಮಾನ್ರೇ, ಟೇಬಲ್ ಮೇಲೆ ಕಸ ಹಾಕ್ಬೇಡಿ. ಗಂಟು ಅಂದ್ರೆ ಗಂಟೇ ಅಲ್ವಾ? ಫೋಟೋ ಅಪ್‌ಲೋಡ್ ಆಗಿದೆ, ರಿಪೋರ್ಟ್ ಮೇಲಕ್ಕೆ ಹೋಗಿದೆ. ಈಗ ನಾನು ತಪ್ಪು ಅಂತ ಬರೆದ್ರೆ ನನ್ನೇ ಕೇಳ್ತಾರೆ."

"ತಪ್ಪು ಆಗಿರುವುದರಿಂದ ಕೇಳುತ್ತಾರೆ ಸ್ವಾಮಿ, ಬರೆದದ್ದರಿಂದಲ್ಲ," ಎಂದೆ.

ಆಗ ತಾವು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಧ್ವನಿ ತಗ್ಗಿಸಿ, ದಯೆ ತೋರಿದಿರಿ. ತಾವು ನಿಜವಾಗಿಯೂ ದಯೆಯಿಂದಲೇ ಹೇಳಿದಿರೆಂದು ನಾನು ನಂಬುತ್ತೇನೆ. "ಒಂದು ಕೆಲಸ ಮಾಡಿ. ಹರಳು ಹಾಕಿದೀವಿ, ಈಗ ಗಂಟು ಕಮ್ಮಿಯಾಗಿದೆ ಅಂತ ಬರ್ಕೊಟ್ಟು ಸೈನ್ ಮಾಡ್ಬಿಡಿ. ಆರ್ಡರ್ ವಾಪಸ್ ತಗೊಳ್ತೀನಿ. ನೀವು ಹಾಕ್ತೀರೋ ಬಿಡ್ತೀರೋ, ಯಾರು ಬಂದು ನೋಡ್ತಾರೆ?"

ಯಾರೂ ಬಂದು ನೋಡುವುದಿಲ್ಲವೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಹಿಂದೆಯೂ ಯಾರೂ ನೋಡಿರಲಿಲ್ಲವಲ್ಲ. ಆದರೂ ನಾನು ತಕ್ಷಣ ಇಲ್ಲವೆನ್ನಲಿಲ್ಲ. ಇಲ್ಲವೆನ್ನಲು ತೋಟ ನನ್ನದಲ್ಲ. ನನ್ನ ಸತ್ಯನಿಷ್ಠೆಯ ಬೆಲೆಯನ್ನು ಮಂಜುಳಮ್ಮನಿಂದ ತೆರಿಸುವ ಹಕ್ಕು ನನಗಿಲ್ಲ. ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ, "ನಿನ್ನ ಇಷ್ಟ, ತಾಯಿ. ನೀನು ಸಹಿ ಹಾಕು ಎಂದರೆ ಹಾಕುತ್ತೇನೆ," ಎಂದೆ.

ಅವಳು ಎಲೆ ಜೋಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಅಲ್ಲ ಭಾವನೋರೇ, ಇಷ್ಟು ದಿನ ನಮ್ಮೆಲೇಲಿ ವಿಷ ಇಲ್ಲ ಅಂತ ಬಾಯಿ ಬಿಟ್ಟು ಯೋಳ್ಕೊಂಡು ಮಾರಿವ್ನಿ. ಈಗ ಹಾಕಿದೀವಿ ಅಂತ ನಾವೇ ಬರ್ಕೊಟ್ರೆ? ಆ ಕಾಗ್ದ ಯಾವನಾದ್ರೂ ತಂದು ಮಾರ್ಕೆಟ್‌ನಲ್ಲಿ ತೋರ್ಸಿದ್ರೆ ನಾ ಯಾವ ಮೊಕ ಇಟ್ಕೊಂಡು ಕೂತ್ಕಳ್ಳಿ? ಇನ್ನೊಂದೂ ಅದೆ. ಬಳ್ಳಿ ಚೆನ್ನಾಗ್ ಆಯ್ತು ಅಂದ್ರೆ, ನೋಡಿ ನಮ್ಮ ಹರಳಿಂದ್ಲೇ ಆಯ್ತು ಅಂತಾರೆ. ಅರೆದು ಅರೆದು ಕೈ ಬೊಬ್ಬೆ ಬಂದಿದ್ದು ನಂಗೆ, ಹೆಸ್ರು ಅವ್ರ ಚೀಲಕ್ಕಾ? ಬ್ಯಾಡ ಬುಡಿ."

ನ್ಯಾಯಾಲಯದಲ್ಲಿ ಬಹಳ ವಾದಗಳನ್ನು ಕೇಳಿದ್ದೇನೆ. ಇಷ್ಟು ಸುಸಂಬದ್ಧವಾದದ್ದು ಅಪರೂಪ. ಅವಳ ಮಾತಿನ ಕೊನೆಯ ಭಾಗವನ್ನು ತಾವು ದಯವಿಟ್ಟು ಗಮನಿಸಬೇಕು. ಒಂದು ಸುಳ್ಳು ಸಹಿ ಒಂದು ತೋಟವನ್ನು ಉಳಿಸಬಹುದು. ಆದರೆ ತಮ್ಮ ವರದಿಯಲ್ಲಿ ನಮ್ಮ ಚೇತರಿಕೆ ಹರಳಿನ ಗೆಲುವಾಗಿ ದಾಖಲಾಗುತ್ತದೆ. ಮುಂದಿನ ವರ್ಷ ಆ ಗೆಲುವನ್ನು ತೋರಿಸಿ ಉಳಿದ ತೋಟದವರಿಗೆಲ್ಲ ಹರಳನ್ನೇ ಹಾಕಿಸುತ್ತೀರಿ. ಸುತ್ತಲಿನ ತೋಟಗಳಲ್ಲಿ ಎಷ್ಟು ಜನ ಹೀಗೆ ಬರೆದುಕೊಟ್ಟಿದ್ದಾರೆ? ತಮ್ಮ ಅಂಕಿಅಂಶಗಳಲ್ಲಿ ಎಷ್ಟು ಪಾಲು ಹರಳಿನದು, ಎಷ್ಟು ಪಾಲು ಹೆದರಿಕೆಯದು? ಹೆಸರು ಹೇಳಲೊಲ್ಲದ ನೆರೆಯವರೊಬ್ಬರು ಮೊನ್ನೆ ಬೇಲಿಯ ಆಚೆಯಿಂದ ಮೆಲ್ಲಗೆ ಕರೆದು, "ಸಾರ್, ಆ ಕಷಾಯ ನಮ್ಗೂ ಒಂದು ಡ್ರಮ್ ಮಾಡ್ಕೊಡಿ. ಆದ್ರೆ ಸಾಹೇಬ್ರ ಕಿವಿಗೆ ಬಿದ್ಬುಟ್ಟಾತು, ನಾನು ಸೈನ್ ಮಾಡ್ಬುಟ್ಟಿವ್ನಿ," ಎಂದರು. ಕದ್ದು ಸಾರಾಯಿ ಕಾಯಿಸುವವರ ಸುದ್ದಿ ಕೇಳಿದ್ದೆ. ಕದ್ದು ಬೇವು ಹಿಂಡುವ ಕಾಲ ಬಂದದ್ದು ತಮ್ಮ ಅಧಿಕಾರಾವಧಿಯಲ್ಲಿ.

ಆದ್ದರಿಂದ ನಾನು ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಸೋಮವಾರಕ್ಕೆ ಮೊದಲು ತಾವು ಸ್ವತಃ ತೋಟಕ್ಕೆ ಬನ್ನಿ. ಬಾಗಿಲಲ್ಲಿ ನೀರು ಇಟ್ಟಿರುತ್ತೇವೆ, ಕಾಲು ತೊಳೆದು ಒಳಗೆ ಬನ್ನಿ. ಯಾವ ಸಾಲೆಂದು ತಾವೇ ಹೇಳಿ, ಯಾವ ಬುಡವೆಂದು ತಾವೇ ತೋರಿಸಿ, ತಮ್ಮ ಕೈಯಿಂದಲೇ ಎಲೆಬಳ್ಳಿಯ ಬೇರನ್ನು ಎತ್ತಿ ನೋಡಿ. ತಾವು ಹೇಳಿದಂತೆ ತೋಟವೆಲ್ಲ ಗಂಟಾಗಿದ್ದರೆ ಬಳ್ಳಿಗಳನ್ನು ನಾನೇ ಕೀಳುತ್ತೇನೆ, ಮಂಜುಳಮ್ಮ ಒಪ್ಪಿದ್ದಾಳೆ. ಇಲ್ಲವಾದರೆ ಆಜ್ಞೆಯನ್ನು ಹಿಂದಕ್ಕೆ ಪಡೆಯಿರಿ. 'ಅವೈಜ್ಞಾನಿಕ' ಎಂಬ ಮಾತನ್ನು ಹಿಂದಕ್ಕೆ ಪಡೆಯಿರಿ. ಬೇವು ಮತ್ತು ಚೆಂಡುಹೂವಿನ ರಸವನ್ನು ಬಳಸುವವರು ಬೆದರಿಕೆಯಿಲ್ಲದೆ ಬಳಸಬಹುದೆಂದು ಎಲ್ಲ ಎಲೆತೋಟದವರಿಗೂ ಬರವಣಿಗೆಯಲ್ಲಿ ತಿಳಿಸಿ.

ತಾವು ಬಾರದಿದ್ದರೂ ನಮ್ಮ ಕೆಲಸ ನಿಲ್ಲುವುದಿಲ್ಲ. ಬಳ್ಳಿಗಳು ಮರದ ತುದಿ ಮುಟ್ಟಿವೆ. ಅವುಗಳನ್ನು ಬಿಚ್ಚಿ ಕೆಳಗಿಳಿಸಿ, ಎಲೆಯಿಲ್ಲದ ಬುಡವನ್ನು ಸುರುಳಿ ಸುತ್ತಿ ಮಣ್ಣಿನಲ್ಲಿ ಮಲಗಿಸಿ, ಹೊಸ ಬೇರು ಬಿಡಿಸುವ ಕಾಲವಿದು. ಸೋಮವಾರವೇ ಇಳಿಸಲು ತೊಡಗುತ್ತೇವೆ. ಅಂದು ಬೆಳಿಗ್ಗೆ ತಮ್ಮ ಆಳುಗಳು ಬಂದರೆ ಏನು ಮಾಡುವುದೆಂದು ಮಂಜುಳಮ್ಮನನ್ನು ಕೇಳಿದೆ. ಅವಳ ಉತ್ತರವನ್ನು ತಿದ್ದದೆ ತಮಗೆ ಒಪ್ಪಿಸುತ್ತಿದ್ದೇನೆ: "ಬರ್ಲಿ ಬುಡಿ ಭಾವನೋರೇ, ಒಳ್ಳೇದೇ ಆಯ್ತು. ಬಳ್ಳಿ ಇಳ್ಸಕ್ಕೆ ಆಳು ಸಿಗ್ದೆ ಒದ್ದಾಡ್ತಿದ್ದೆ. ಕಾಲು ತೊಳ್ಸಿ ಒಳಿಕ್ಕೆ ಕರ್ಕೊಂಡು, ಬಳ್ಳಿ ಬುಡಕ್ಕೆ ಮಣ್ಣು ಎಳ್ಸೋಣ."

ಇಂತಿ,
ತಮ್ಮ ಕಡತದಲ್ಲಿ ಈಗಾಗಲೇ ಸುಟ್ಟು ಬೂದಿಯಾಗಿರುವ, ನೆಲದ ಮೇಲೆ ಮಾತ್ರ ಇನ್ನೂ ಹಸುರಾಗಿರುವ ತೋಟದ ಪರವಾಗಿ,
ಷಡಕ್ಷರಿ
ನಿವೃತ್ತ ಭಾಷಾಂತರಕಾರ, ಅಗ್ರಹಾರ, ಮೈಸೂರು